ಕೊವ್ಯಾಕ್ಸಿನ್ ಲಸಿಕೆ: ಹೈದರಾಬಾದಿನ ಕನ್ನಡ ಕುಟುಂಬಗಳ ಶಂಕೆಗಳು ಹಾಗೂ ಪ್ರಯಾಣದ ನಿಯಮಗಳು

ಕೊರೊನಾ ಸಾಂಕ್ರಾಮಿಕವು ಹಿಂದೆ ಸರಿದು ವರ್ಷಗಳೇ ಕಳೆದಿದ್ದರೂ, ನಮ್ಮ ನಗರದ ಕನ್ನಡ ಕುಟುಂಬಗಳು ಸೇರುವ ಸಮಾರಂಭಗಳಲ್ಲಿ ಲಸಿಕೆಯ ವಿಷಯವು ಇಂದಿಗೂ ಚರ್ಚೆಗೆ ಬರುತ್ತಲೇ ಇದೆ. "ನಾವು ಹಾಕಿಸಿಕೊಂಡದ್ದು ಸುರಕ್ಷಿತವಾಗಿತ್ತೆ? ಮಕ್ಕಳ ಬಳಿಗೆ ಹೋಗಲು ಅಷ್ಟೊಂದು ತೊಡಕುಗಳೇಕೆ ಎದುರಾದವು?" ಎಂಬ ಪ್ರಶ್ನೆಗಳಿಗೆ ಬಾಯಿಂದ ಬಾಯಿಗೆ ಹರಡಿದ ಉತ್ತರಗಳೇ ಹೆಚ್ಚು. ನಾವು ವೈದ್ಯರಲ್ಲ, ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನ ಉದ್ಯೋಗದಲ್ಲಿ ತಲೆ ನರೆಸಿಕೊಂಡವರು. ಆದರೆ ಕಾಗದವನ್ನು ದಿನಾಂಕಸಹಿತ ಓದಬೇಕೆಂಬ ಒಂದು ಅಭ್ಯಾಸವನ್ನು ವೃತ್ತಿಯು ನಮಗೆ ಕಲಿಸಿದೆ. ಆ ಬಲದಿಂದ, ಓದುಗರ ಮಾಹಿತಿಗಾಗಿ ಈ ವಿವರಗಳನ್ನು ಒಂದೆಡೆ ಸಂಗ್ರಹಿಸಿದ್ದೇವೆ.

ಹೈದರಾಬಾದಿಗೂ ಲಸಿಕೆಗಳಿಗೂ ಇರುವ ನಂಟು ಕೊರೊನಾದಿಂದ ಆರಂಭವಾದದ್ದಲ್ಲ. ಬಯಲಾಜಿಕಲ್ ಇ ಸಂಸ್ಥೆಯು 1953ರಷ್ಟು ಹಳೆಯದು. ಕೆ. ಐ. ವರಪ್ರಸಾದ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಇಲ್ಲಿಯೇ ಸಿದ್ಧಪಡಿಸಿ ಮಾರುಕಟ್ಟೆಗೆ ತಂದಿತು. ಕೃಷ್ಣ ಎಲ್ಲ ಹಾಗೂ ಸುಚಿತ್ರಾ ಎಲ್ಲ ದಂಪತಿಗಳು 1996ರಲ್ಲಿ ಸ್ಥಾಪಿಸಿದ ಭಾರತ್ ಬಯೋಟೆಕ್ ಸಂಸ್ಥೆಯು ನಗರದ ಹೊರವಲಯದ ಜೀನೋಮ್ ವ್ಯಾಲಿಯಲ್ಲಿದೆ. 2020ರ ನವೆಂಬರ್ 28ರಂದು ಪ್ರಧಾನಮಂತ್ರಿಗಳೂ, ಡಿಸೆಂಬರ್ 9ರಂದು ಅರವತ್ತಕ್ಕೂ ಹೆಚ್ಚು ದೇಶಗಳ ರಾಜತಾಂತ್ರಿಕ ಪ್ರತಿನಿಧಿಗಳೂ ಅಲ್ಲಿಗೆ ಭೇಟಿ ನೀಡಿದಾಗ ನಮ್ಮ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ನಮಗೂ ಹೆಮ್ಮೆಯೆನಿಸಿತು. ಆದರೆ ಹೆಮ್ಮೆ ಬೇರೆ, ತೋಳು ಚಾಚುವುದು ಬೇರೆ.

ಕೊವ್ಯಾಕ್ಸಿನ್ ಲಸಿಕೆಯನ್ನು ಭಾರತ್ ಬಯೋಟೆಕ್, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗಳು ಕೂಡಿ ರೂಪಿಸಿದವು. ಇದು ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆ. ಅಂದರೆ, ವೈರಾಣುವನ್ನು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಸಿ, ರಾಸಾಯನಿಕದಿಂದ ಅದರ ವೃದ್ಧಿಶಕ್ತಿಯನ್ನು ನಾಶಗೊಳಿಸಿ, ದೇಹದ ಪ್ರತಿಕ್ರಿಯೆಯನ್ನು ಹೆಚ್ಚಿಸುವ ಪೂರಕವೊಂದನ್ನು ಬೆರೆಸಿ ಚುಚ್ಚುಮದ್ದಾಗಿ ಕೊಡಲಾಗುತ್ತದೆ. ವಿಧಾನವು ಹಳೆಯದೇ, ಸಾಲ್ಕ್ ಅವರ ಪೋಲಿಯೊ ಚುಚ್ಚುಮದ್ದೂ ಈ ಬಗೆಯದೇ. ಮನುಷ್ಯರ ಮೇಲಿನ ಪ್ರಯೋಗಗಳು 2020ರ ಜುಲೈನಲ್ಲಿ ಆರಂಭಗೊಂಡವು. ನಮ್ಮ ನಗರದ ನಿಮ್ಸ್ ಆಸ್ಪತ್ರೆಯೂ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಪ್ರಯೋಗದ ಕೇಂದ್ರಗಳಾಗಿದ್ದವು.

ಹಾಗಾದರೆ ಶಂಕೆ ಹುಟ್ಟಿದ್ದು ಎಲ್ಲಿ? ಜನರ ಅಜ್ಞಾನದಲ್ಲಿ ಎಂದು ಹೇಳಿಬಿಡುವುದು ಸುಲಭ. ನಾವು ಹಾಗೆ ಹೇಳಲಾರೆವು. 2020ರ ಜುಲೈ 2ರಂದು ಸಂಶೋಧನಾ ಮಂಡಳಿಯು ಪ್ರಯೋಗ ಕೇಂದ್ರಗಳಿಗೆ ಬರೆದ ಪತ್ರದಲ್ಲಿ, ಆಗಸ್ಟ್ 15ರೊಳಗೆ ಲಸಿಕೆಯನ್ನು ಸಾರ್ವಜನಿಕರಿಗೆ ಒದಗಿಸುವ ಉದ್ದೇಶವನ್ನು ಸೂಚಿಸಿತ್ತು. ಮೊದಲ ಹಂತದ ಪ್ರಯೋಗವೇ ಆರಂಭವಾಗದಿದ್ದಾಗ ಇಂತಹ ಗಡುವು ಏಕೆಂದು ವಿಜ್ಞಾನಿಗಳೇ ಕೇಳಿದರು. ಮುಂದೆ 2021ರ ಜನವರಿ 3ರಂದು ಕೋವಿಶೀಲ್ಡ್ ಜೊತೆಗೆ ಕೊವ್ಯಾಕ್ಸಿನ್‌ಗೂ ತುರ್ತು ಬಳಕೆಯ ಅನುಮತಿ ದೊರೆತಾಗ, ಮೂರನೆಯ ಹಂತದ ಫಲಿತಾಂಶಗಳಿನ್ನೂ ಬಂದಿರಲಿಲ್ಲ. ಅನುಮತಿಯಲ್ಲಿ "ಪ್ರಯೋಗದ ಮಾದರಿಯಲ್ಲಿ" ಎಂಬ ಷರತ್ತೂ ಇತ್ತು. ಜನವರಿ 16ರಂದು ಅಭಿಯಾನವು ಆರಂಭಗೊಂಡಾಗ ಕೊವ್ಯಾಕ್ಸಿನ್ ಪಡೆಯುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಕೋವಿಶೀಲ್ಡ್ ಪಡೆಯುವವರಿಗೆ ಅಂತಹ ಪತ್ರವಿರಲಿಲ್ಲ. ದೆಹಲಿಯ ಆರ್‌ಎಂಎಲ್ ಆಸ್ಪತ್ರೆಯ ಕಿರಿಯ ವೈದ್ಯರೇ ತಮಗೆ ಕೋವಿಶೀಲ್ಡ್ ಕೊಡಬೇಕೆಂದು ಪತ್ರ ಬರೆದರು. ಒಂದೇ ಕೌಂಟರಿನಲ್ಲಿ ಎರಡು ಖಾತೆಗಳಿಗೆ ಎರಡು ಬಗೆಯ ನಮೂನೆಗಳನ್ನಿಟ್ಟರೆ ಗ್ರಾಹಕನು ಕಾರಣ ಕೇಳದೆ ಇರುತ್ತಾನೆಯೆ?

ಮಾರ್ಚ್ 3ರಂದು ಶೇ. 81 ಪರಿಣಾಮಕಾರಿ ಎಂಬ ಮಧ್ಯಂತರ ಫಲಿತಾಂಶವು ಪ್ರಕಟವಾಯಿತು. ಅದೇ ತಿಂಗಳು "ಪ್ರಯೋಗದ ಮಾದರಿ" ಎಂಬ ಷರತ್ತನ್ನು ತೆಗೆದುಹಾಕಲಾಯಿತು. 25,800 ಸ್ವಯಂಸೇವಕರು ಪಾಲ್ಗೊಂಡ ಮೂರನೆಯ ಹಂತದ ಅಂತಿಮ ಲೆಕ್ಕದಲ್ಲಿ ರೋಗಲಕ್ಷಣಗಳುಳ್ಳ ಸೋಂಕಿನ ವಿರುದ್ಧ ಶೇ. 77.8, ತೀವ್ರ ಸ್ವರೂಪದ ಕಾಯಿಲೆಯ ವಿರುದ್ಧ ಶೇ. 93.4 ರಕ್ಷಣೆ ಕಂಡುಬಂದಿತು. ಈ ಲೆಕ್ಕವು ಜುಲೈನಲ್ಲಿ ಹೊರಬಂದರೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದದ್ದು ನವೆಂಬರಿನಲ್ಲಿ.

ಈ ದಿನಾಂಕಗಳು ನಮಗೆ ಬರಿಯ ಅಂಕಿಗಳಲ್ಲ. ನಮ್ಮ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕುಳಿತಿದ್ದ ರಾಯಚೂರು ಮೂಲದ ಸಹೋದ್ಯೋಗಿಯೊಬ್ಬರಿಗೆ, 45 ವರ್ಷ ಮೀರಿದ ಎಲ್ಲರಿಗೂ ಲಸಿಕೆ ತೆರೆದ 2021ರ ಏಪ್ರಿಲ್ 1ರಂದೇ ಅರ್ಹತೆ ದೊರೆತಿತ್ತು. "ಫಲಿತಾಂಶ ಪೂರ್ಣವಾಗಿ ಅಚ್ಚಾಗಲಿ, ಓದಿ ಹಾಕಿಸಿಕೊಳ್ಳುತ್ತೇನೆ" ಎಂದರು. ಎಂದಿನಂತೆ ವಿವೇಕದ ಮಾತಾಡುತ್ತಿದ್ದಾರೆಂದು ನಾವೂ ತಲೆಯಾಡಿಸಿದೆವು. ಏಪ್ರಿಲ್ ಕೊನೆಯ ವಾರದಲ್ಲಿ ಅವರಿಗೆ ಜ್ವರ ಬಂದಿತು. ಮೇ ತಿಂಗಳಲ್ಲಿ ತೀರಿಕೊಂಡರು. ಏಪ್ರಿಲಿನಲ್ಲಿ ಮೊದಲ ಡೋಸ್ ಪಡೆದಿದ್ದರೂ ಎರಡನೆಯದಕ್ಕೆ ಕಾಲ ಸಾಲುತ್ತಿತ್ತೋ ಇಲ್ಲವೋ, ಹೇಳಲಾಗದು. ಆದರೆ ಅವರು ಕಾದಿದ್ದ ಲೇಖನವು ಅಚ್ಚಾದಾಗ ಅವರ ಮೇಜಿನಲ್ಲಿ ಬೇರೊಬ್ಬರು ಕುಳಿತಿದ್ದರು. ನಾವು ಅಂದು ತಲೆಯಾಡಿಸಿದ್ದು ಇಂದಿಗೂ ನಮ್ಮ ನೆನಪಿನಿಂದ ಮಾಸಿಲ್ಲ.

ಸಸ್ಯಾಹಾರಿ ಕುಟುಂಬಗಳನ್ನು ಕಾಡಿದ ಇನ್ನೊಂದು ಸುದ್ದಿಯೂ ಉಂಟು. 2021ರ ಜೂನಿನಲ್ಲಿ, ಕೊವ್ಯಾಕ್ಸಿನ್‌ನಲ್ಲಿ ಎಳೆಗರುವಿನ ರಕ್ತದ ಅಂಶವಿದೆ ಎಂಬ ಸಂದೇಶವು ಮನೆಮನೆಗೂ ತಲುಪಿತು. ಜೂನ್ 16ರಂದು ಆರೋಗ್ಯ ಸಚಿವಾಲಯವು ಸ್ಪಷ್ಟೀಕರಣ ನೀಡಿತು: ಕರುವಿನ ರಕ್ತಸಾರವನ್ನು ಬಳಸುವುದು ವೀರೋ ಜೀವಕೋಶಗಳನ್ನು ಬೆಳೆಸುವ ಹಂತದಲ್ಲಿ ಮಾತ್ರ, ಅನಂತರ ಅವುಗಳನ್ನು ಹಲವು ಬಾರಿ ತೊಳೆಯಲಾಗುತ್ತದೆ, ಸಿದ್ಧ ಲಸಿಕೆಯಲ್ಲಿ ಅದು ಇರುವುದಿಲ್ಲ. ಪೋಲಿಯೊ ಮೊದಲಾದ ಲಸಿಕೆಗಳಲ್ಲಿಯೂ ದಶಕಗಳಿಂದ ಇದೇ ಕ್ರಮವಿದೆ. ಮಡಿಯ ದೃಷ್ಟಿಯಿಂದ ಇದನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ನಿಜಾಂಶ ಇಷ್ಟು.

ಇನ್ನು ರಕ್ತ ಹೆಪ್ಪುಗಟ್ಟುವಿಕೆಯ ವಿಷಯ. ಇದು ಸುಳ್ಳು ಸುದ್ದಿಯಲ್ಲ. ಆದರೆ ಪ್ರಮಾಣವನ್ನು ಗಮನಿಸಬೇಕು. 2021ರ ಮೇ 17ರಂದು ಪ್ರಕಟವಾದ ರಾಷ್ಟ್ರೀಯ ಸಮಿತಿಯ ವರದಿಯ ಪ್ರಕಾರ, ಕೋವಿಶೀಲ್ಡ್ ನಂತರ ಇಂತಹ 26 ಸಂಭವನೀಯ ಪ್ರಕರಣಗಳು ವರದಿಯಾಗಿದ್ದವು. ಅಂದರೆ ಹತ್ತು ಲಕ್ಷ ಡೋಸುಗಳಿಗೆ 0.61. ಅದೇ ವರದಿಯು ಬ್ರಿಟನ್ನಿನಲ್ಲಿ ಇದು 4, ಜರ್ಮನಿಯಲ್ಲಿ 10 ಎಂದು ಉಲ್ಲೇಖಿಸಿತ್ತು. ಕೊವ್ಯಾಕ್ಸಿನ್ ನಂತರ ಅಂತಹ ಪ್ರಕರಣ ವರದಿಯಾಗಿರಲಿಲ್ಲ. ಇವು ವರದಿಯಾದುದನ್ನು ಮಾತ್ರ ಎಣಿಸಿದ ಸಂಖ್ಯೆಗಳು ಎಂಬುದನ್ನು ಓದುಗರು ಮರೆಯಬಾರದು. ನಮ್ಮಲ್ಲಿ ವರದಿ ಮಾಡುವ ರೂಢಿಯೇ ಕಡಿಮೆ. 2024ರಲ್ಲಿ ಅಸ್ಟ್ರಾಜೆನೆಕಾ ಸಂಸ್ಥೆಯು ಬ್ರಿಟನ್ನಿನ ನ್ಯಾಯಾಲಯದಲ್ಲಿ ಈ ಅತಿ ಅಪರೂಪದ ದುಷ್ಪರಿಣಾಮವನ್ನು ಒಪ್ಪಿದ ಸುದ್ದಿ ಬಂದಾಗ ಅನೇಕರು ಹೊಸದಾಗಿ ಬೆಚ್ಚಿದರು. ವಿಷಯವು 2021ರಿಂದಲೇ ತಿಳಿದಿದ್ದುದು.

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಅವಸರದ ಅನುಮೋದನೆ ಪಡೆದ ಲಸಿಕೆಗಳೂ ಕಾರಣವಾಗಿರಬಹುದೆಂದು ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 1ರಂದು ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಅದನ್ನು ನಿರಾಕರಿಸಿತು. ಜಯದೇವ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸಮಿತಿಯೂ ಲಸಿಕೆಗೆ ಸಂಬಂಧ ಕಂಡುಬಂದಿಲ್ಲವೆಂದೇ ವರದಿ ನೀಡಿತು. ಇದಕ್ಕೂ ಮೊದಲು, 2023ರಲ್ಲಿ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು 2,916 ಮಂದಿಯೊಂದಿಗೆ ಹೋಲಿಸಿ ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಕೊರೊನಾದಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸವುಳ್ಳವರು, ಅತಿಯಾಗಿ ಮದ್ಯಪಾನ ಮಾಡಿದ್ದವರು — ಇವರಲ್ಲಿ ಅಪಾಯ ಹೆಚ್ಚಾಗಿತ್ತು.

ಪ್ರಯಾಣದ ನಿಯಮಗಳ ಕಥೆಯು ಲಸಿಕೆಗಿಂತ ಹಳೆಯದು. 2020ರ ಮಾರ್ಚ್ 2ರಂದು ವರದಿಯಾದ ತೆಲಂಗಾಣದ ಮೊದಲ ಸೋಂಕಿತರು ದುಬೈಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಬಂದವರು. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯದು. ಆ ಹಿರಿಯರನ್ನು ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆತಂದು ಮರಳಿ ಒಯ್ಯುವಾಗ ಮಾರ್ಚ್ 10ರಂದು ಅವರು ನಿಧನರಾದರು. 1956ರವರೆಗೆ ಒಂದೇ ರಾಜ್ಯವಾಗಿದ್ದ ಬೀದರ್, ಕಲಬುರಗಿ, ರಾಯಚೂರುಗಳಿಗೂ ಈ ನಗರಕ್ಕೂ ಆಸ್ಪತ್ರೆಯ ದಾರಿಯು ಇಂದಿಗೂ ಒಂದೇ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಡ. ಮಾರ್ಚ್ 25ರಿಂದ ದಿಗ್ಬಂಧನ. ಮೇ 1ರಂದು ದೇಶದ ಮೊದಲ ಶ್ರಮಿಕ್ ರೈಲು ನಮ್ಮ ಲಿಂಗಂಪಲ್ಲಿಯಿಂದಲೇ ಜಾರ್ಖಂಡಿನ ಹಟಿಯಾಕ್ಕೆ ಹೊರಟಿತು. ಊರಿಗೆ ಹೋಗಬೇಕಾದ ಕನ್ನಡಿಗರು ಕರ್ನಾಟಕ ಸರಕಾರದ ಸೇವಾಸಿಂಧುವಿನಲ್ಲಿ ನೋಂದಾಯಿಸಿಕೊಂಡು, ತಲುಪಿದ ಮೇಲೆ ಪ್ರತ್ಯೇಕವಾಸ ಅನುಭವಿಸಬೇಕಾಗಿತ್ತು. ಕೇಂದ್ರ ಗೃಹ ಕಾರ್ಯದರ್ಶಿಗಳು 2020ರ ಆಗಸ್ಟ್ 22ರಂದು ಪತ್ರ ಬರೆದ ಬಳಿಕ, 24ರಂದು ಕರ್ನಾಟಕವು ಆ ನಿಯಮಗಳನ್ನು ಕೈಬಿಟ್ಟಿತು. 2021ರ ಮೇ ತಿಂಗಳಲ್ಲಿ ತೆಲಂಗಾಣವು ನೆರೆರಾಜ್ಯಗಳ ಆಂಬುಲೆನ್ಸ್‌ಗಳನ್ನು ಗಡಿಯಲ್ಲಿ ತಡೆದಾಗ, ಮೇ 14ರಂದು ಇಲ್ಲಿನ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.

ಹೊರನಾಡಿನವರಾದ ನಮಗೆ ಕಾಸರಗೋಡಿನ ಕನ್ನಡಿಗರ ಪಾಡು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ರೋಗಿಗಳು ದಾರಿಯಿಲ್ಲದೆ ಸತ್ತರು. ಪ್ರಕರಣವು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ತಲಪಾಡಿಯ ದಾರಿ ತೆರೆಯಿತು. 2021ರ ಜುಲೈ 31ರ ಆದೇಶವಂತೂ ಲಸಿಕೆ ಪಡೆದಿದ್ದರೂ ಕೇರಳ ಮತ್ತು ಮಹಾರಾಷ್ಟ್ರದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ತರಬೇಕೆಂದಿತು. ಲಸಿಕೆ ಹಾಕಿಸಿಕೊಳ್ಳಿರೆಂದು ಒಂದು ಕೈ ಕರೆಯುವಾಗ, ಅದು ಲೆಕ್ಕಕ್ಕಿಲ್ಲವೆಂದು ಇನ್ನೊಂದು ಕೈ ತಡೆದರೆ ಜನರು ಏನೆಂದುಕೊಳ್ಳಬೇಕು?

ವಿದೇಶ ಪ್ರಯಾಣದಲ್ಲಿ ಪ್ರತಿಯೊಂದು ಲಸಿಕೆಗೂ ಒಂದೊಂದು ಬೆಲೆ ಕಟ್ಟಲಾಯಿತು. ಕೋವಿಶೀಲ್ಡ್ ಡೋಸುಗಳ ಅಂತರವನ್ನು 2021ರ ಮೇ 13ರಂದು 12ರಿಂದ 16 ವಾರಗಳಿಗೆ ಏರಿಸಿದಾಗ ಪರದೇಶಕ್ಕೆ ಓದಲು ಹೊರಟ ಮಕ್ಕಳು ಕಂಗೆಟ್ಟರು. ಜೂನ್ 7ರಂದು ಅಂಥವರಿಗೆ 28 ದಿನಗಳ ಬಳಿಕ ಎರಡನೆಯ ಡೋಸ್ ಪಡೆಯಲು ಅವಕಾಶವಾಯಿತು. ಬ್ರಿಟನ್ ಅಕ್ಟೋಬರಿನಲ್ಲಿ ಕೋವಿಶೀಲ್ಡನ್ನು ಒಪ್ಪಿ, ನಮ್ಮ ಪ್ರಮಾಣಪತ್ರವನ್ನು ಒಪ್ಪಲಿಲ್ಲ; ಭಾರತವೂ ಬ್ರಿಟಿಷರಿಗೆ ಹತ್ತು ದಿನಗಳ ಪ್ರತ್ಯೇಕವಾಸ ವಿಧಿಸಿದ ಮೇಲೆ ಅಕ್ಟೋಬರ್ 11ರಿಂದ ದಾರಿ ಸುಗಮವಾಯಿತು. ಕೊವ್ಯಾಕ್ಸಿನ್ ಪಡೆದವರು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಗಾಗಿ ತಿಂಗಳುಗಟ್ಟಲೆ ಕಾದರು. ಅದು ದೊರೆತದ್ದು 2021ರ ನವೆಂಬರ್ 3ರಂದು. ಐದೇ ದಿನಗಳಲ್ಲಿ, ನವೆಂಬರ್ 8ರಂದು, ಅಮೆರಿಕವು ಲಸಿಕೆ ಪಡೆದ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ಮೊಮ್ಮಗುವಿನ ಮುಖವನ್ನು ಫೋನಿನಲ್ಲಷ್ಟೇ ಕಂಡಿದ್ದ ನಮ್ಮ ಪರಿಚಯದ ಎಷ್ಟೋ ಅಜ್ಜಿಯರು ಆ ಚಳಿಗಾಲದಲ್ಲಿ ವಿಮಾನವೇರಿದರು. ಬ್ರಿಟನ್ನಿನ ಮಾನ್ಯತೆ ನವೆಂಬರ್ 22ರಿಂದ. ನಮ್ಮ ನಗರದ ಡಾ. ರೆಡ್ಡೀಸ್ ತಂದ ರಷ್ಯಾದ ಸ್ಪುಟ್ನಿಕ್-ವಿ ಪಡೆದವರಿಗೆ ಮಾತ್ರ ವಿಶ್ವ ಸಂಸ್ಥೆಯ ಮಾನ್ಯತೆ ದೊರೆಯಲೇ ಇಲ್ಲ. 2022ರ ಏಪ್ರಿಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತಯಾರಿಕಾ ಘಟಕದಲ್ಲಿ ಕಂಡ ನ್ಯೂನತೆಗಳಿಗಾಗಿ ವಿಶ್ವಸಂಸ್ಥೆಯ ಮೂಲಕ ಕೊವ್ಯಾಕ್ಸಿನ್ ಪೂರೈಕೆಯನ್ನು ತಡೆಹಿಡಿದದ್ದನ್ನೂ ಇಲ್ಲಿ ದಾಖಲಿಸಬೇಕು. ಲಸಿಕೆಯ ಸುರಕ್ಷತೆಯ ಬಗೆಗಿನ ತನ್ನ ಅಭಿಪ್ರಾಯವು ಬದಲಾಗಿಲ್ಲವೆಂದೂ ಅದು ಹೇಳಿತ್ತು.

ಕನ್ನಡಿಗರಿಗೆ ವಿಶೇಷವಾಗಿ ಎದುರಾದ ತೊಡಕೆಂದರೆ ಇನಿಷಿಯಲ್‌ಗಳದು. ಆಧಾರಿನಲ್ಲಿ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಕೋವಿನ್ ಪ್ರಮಾಣಪತ್ರದಲ್ಲಿ ಮತ್ತೊಂದು ಕ್ರಮ. ಜನ್ಮವರ್ಷ ಮಾತ್ರವಿದ್ದ ಪ್ರಮಾಣಪತ್ರದಲ್ಲಿ ಪೂರ್ಣ ಜನ್ಮದಿನಾಂಕವನ್ನೂ ಸೇರಿಸುವ ಅವಕಾಶ ಬಂದದ್ದು ತಡವಾಗಿ. ಬ್ಯಾಂಕಿನಲ್ಲಿ ಕೆವೈಸಿ ಕೇಳಿದಾಗ ನಮ್ಮ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದ ಹಿರಿಯರೊಬ್ಬರು ಆಗ ನಮ್ಮಲ್ಲಿಗೇ ಬಂದು ಸಲಹೆ ಕೇಳಿದರು.

ಪ್ಲೇಗಿನ ಕಾಲದಲ್ಲಿಯೂ ಹೀಗೆಯೇ ಇತ್ತು. ಹಾಫ್ಕಿನ್ ಅವರು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಹಸ್ರಾರು ಜನರಿಗೆ ಹಾಕಲಾಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬಲ್ಲಿ ಕಲುಷಿತವಾದ ಒಂದೇ ಸೀಸೆಯಿಂದ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ದೋಷಮುಕ್ತರಾಗಲು 1907 ಬರಬೇಕಾಯಿತು.

ಈಗಿನ ಸ್ಥಿತಿ ಇಷ್ಟು. ಲಸಿಕೆಯನ್ನು ಯಾರಿಗೂ ಬಲವಂತವಾಗಿ ಹಾಕುವಂತಿಲ್ಲವೆಂದೂ, ದುಷ್ಪರಿಣಾಮಗಳ ವಿವರಗಳನ್ನು ಜನರಿಗೆ ಲಭ್ಯವಾಗಿಸಬೇಕೆಂದೂ ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪು ನೀಡಿದೆ. ಭಾರತಕ್ಕೆ ಬರುವವರ ಏರ್ ಸುವಿಧಾ ನಮೂನೆಯು 2022ರ ನವೆಂಬರ್ 22ರಂದು, ಅಮೆರಿಕದ ಕೊರೊನಾ ಲಸಿಕೆಯ ಷರತ್ತು 2023ರ ಮೇ ತಿಂಗಳಲ್ಲಿ ಕೊನೆಗೊಂಡವು. ಆದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಲವು ದೇಶಗಳಿಗೆ ಹೋಗಿಬರುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರವು ಇಂದಿಗೂ ಬೇಕು. ಚುಚ್ಚುಮದ್ದಿನ ಹತ್ತು ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಆಜೀವ ಮಾನ್ಯ. ನಮ್ಮ ನಗರದಲ್ಲಿ ಇದನ್ನು ನಾರಾಯಣಗೂಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ. ಹೋಗುವಾಗ ಪಾಸ್‌ಪೋರ್ಟನ್ನು ಒಯ್ಯಬೇಕು; ಪತ್ರದಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ, ಇನಿಷಿಯಲ್ ಬಿಡಿಸಿ, ಬರೆಸಿಕೊಳ್ಳಬೇಕು.