ತಟ್ಟೆಯಲ್ಲಿ ಉಳಿದ ಪ್ರಸಂಗಗಳು

ಅಮೆರಿಕದ ಕಪ್ಪು ಜನರ ಚರ್ಚುಗಳ ಪ್ರಸಂಗಗಳು ಗ್ರಾಮಫೋನ್ ತಟ್ಟೆಯ ರೂಪದಲ್ಲಿ ಅಂಗಡಿಗೆ ಬಂದದ್ದು 1920ರ ದಶಕದ ನಡುಭಾಗದಲ್ಲಿ. ಮೊದಲ ದೊಡ್ಡ ಹೆಸರು ಅಟ್ಲಾಂಟಾದ ಪಾಸ್ಟರ್ ಜೆ. ಎಂ. ಗೇಟ್ಸ್ ಅವರದು. 1926ರಲ್ಲಿ ಕೊಲಂಬಿಯಾ ಕಂಪನಿಯಿಂದ ಶುರುಮಾಡಿ 1941ರ ಹೊತ್ತಿಗೆ ಅವರು 200ಕ್ಕೂ ಹೆಚ್ಚು ಮುದ್ರಣಗಳಿಗೆ ಧ್ವನಿ ಕೊಟ್ಟಿದ್ದರು. ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಭಾನುವಾರ ಬಿಡುಬೀಸಾಗಿ ಹರಿಯುವ ಪ್ರಸಂಗವನ್ನು ಅಷ್ಟರಲ್ಲೇ ಮುಗಿಸಬೇಕಿತ್ತು. ಇಡೀ ಸಭೆಯ ಬದಲು ಸ್ಟುಡಿಯೊದಲ್ಲಿ ನಿಂತ ಕೆಲವೇ ಮಂದಿ ‘ಆಮೆನ್’ ಅನ್ನುತ್ತಿದ್ದರು. ಸಾವಿನ ಮಾತು ಹೆಚ್ಚು. ಕಂತಿನ ಮೇಲೆ ತಂದ ಮೇಜು ಕುರ್ಚಿಯ ಬಾಕಿಯಂಥ ಮನೆಯ ಸಂಕಟಗಳೂ ಅವುಗಳಲ್ಲಿ ಬಂದುಹೋಗುತ್ತವೆ. ದಕ್ಷಿಣದ ಹಳ್ಳಿ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ದುಡಿಯಲು ಹೋದವರಿಗೆ ಊರಿನ ಚರ್ಚು ಕೈಗೆ ಸಿಗುತ್ತಿದ್ದದ್ದು ಇಂಥ ತಟ್ಟೆಗಳಲ್ಲಿ.

ತಟ್ಟೆಯ ಮೂಲವಸ್ತು ಅರಗು. ಅದರ ಬಹುಪಾಲು ಭಾರತದ ಕಾಡುಗಳಿಂದ ಕಲ್ಕತ್ತಾ ಬಂದರಿನ ಮೂಲಕ ಹಡಗು ಹತ್ತುತ್ತಿತ್ತು. ಯುದ್ಧದಿಂದ ಪೂರೈಕೆಗೆ ಪೆಟ್ಟು ಬಿದ್ದಾಗ, 1942ರಲ್ಲಿ, ಅಮೆರಿಕ ಸರ್ಕಾರ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಜನರಿಂದ ವಾಪಸು ಪಡೆದು, ಪುಡಿಮಾಡಿ, ಹೊಸದಕ್ಕೆ ಬೆರೆಸುವುದು ರೂಢಿಯಾಯಿತು. ಲೋಹದ ಮೂಲ ಅಚ್ಚುಗಳಲ್ಲೂ ಎಷ್ಟೋ ಗುಜರಿ ಪಾಲಾದವು. ಗೇಟ್ಸ್ ಅವರ ಪ್ರಸಂಗಗಳು ಇಂದು ಕೇಳಸಿಗುವುದು ಮುಖ್ಯವಾಗಿ ಮನೆಗಳಲ್ಲಿ ಉಳಿದು ಸಂಗ್ರಾಹಕರ ಕೈಸೇರಿದ ಪ್ರತಿಗಳಿಂದ. ಆಸ್ಟ್ರಿಯಾದಲ್ಲಿ ಹುಟ್ಟಿದ ಡಾಕ್ಯುಮೆಂಟ್ ರೆಕಾರ್ಡ್ಸ್ ಅಂಥ ಪ್ರತಿಗಳನ್ನೇ ಹುಡುಕಿ, ಕಾಲಾನುಕ್ರಮದಲ್ಲಿ ಜೋಡಿಸಿ ಮರುಪ್ರಕಟಿಸಿತು. ಮುಳ್ಳು ಸವೆಸಿದ ಗೀರಿನ ಸದ್ದು ಪ್ರತಿ ಪ್ರಸಂಗದ ಬೆನ್ನಿಗೂ ಕೇಳುತ್ತದೆ. ಚೆನ್ನಾಗಿ ಉಳಿದ ಪ್ರತಿ ಎಂದರೆ ಯಾರೂ ಹೆಚ್ಚು ಕೇಳದ ಪ್ರತಿ. ಜನ ನೆಚ್ಚಿಕೊಂಡದ್ದೇ ಹೆಚ್ಚು ಸವೆದಿದೆ.

ಈ ಪರಂಪರೆಯ ಎತ್ತರದ ಸ್ಥಾನ ಡೆಟ್ರಾಯಿಟ್‌ನ ಸಿ. ಎಲ್. ಫ್ರಾಂಕ್ಲಿನ್ (1915–1984) ಅವರದು. ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ತಂದೆಯಾದ ಇವರು 1946ರಲ್ಲಿ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಆದರು. ಹೇಸ್ಟಿಂಗ್ಸ್ ಬೀದಿಯ ರೆಕಾರ್ಡ್ ಅಂಗಡಿಯ ಯಜಮಾನ ಜೋ ವಾನ್ ಬ್ಯಾಟಲ್ ಇವರ ಪ್ರಸಂಗಗಳನ್ನು ಧ್ವನಿಮುದ್ರಿಸಿ, ತಮ್ಮ ಜೆವಿಬಿ ಹೆಸರಿನಲ್ಲಿ ಮಾರಿದರು. ಮುಂದೆ ಶಿಕಾಗೊದ ಚೆಸ್ ಕಂಪನಿ ಅವನ್ನು ದೇಶಕ್ಕೆಲ್ಲ ಹರಡಿತು. 1953ರ ಪ್ರಸಿದ್ಧ ಪ್ರಸಂಗಕ್ಕೆ ಆಧಾರ ಧರ್ಮೋಪದೇಶಕಾಂಡದ ಹದ್ದಿನ ವಚನ. ಹದ್ದು ಗೂಡನ್ನು ಕಲಕುವುದು ಮರಿ ಹಾರುವುದನ್ನು ಕಲಿಯಲೆಂದು. ಚರಿತ್ರೆಯ ಕಷ್ಟಗಳೂ ಹಾಗೆಯೇ ಎಂಬುದು ವಾದ. ಕೊನೆಗೊಂದು ಕಥೆ: ಕೋಳಿಗಳ ನಡುವೆ ಬೆಳೆದ ಹದ್ದಿಗೆ ಯಜಮಾನ ಪಂಜರ ಕಟ್ಟುತ್ತಾನೆ, ಒಂದು ದಿನ ಬಾಗಿಲು ತೆರೆಯುತ್ತಾನೆ, ಅದು ತನ್ನ ಕುಲದ ಜೊತೆ ಹಾರಿಹೋಗುತ್ತದೆ. ಆರಂಭದಲ್ಲಿ ಪಾಠ ಹೇಳುವ ಮೇಷ್ಟರಂತೆ ಸಾವಧಾನವಾಗಿದ್ದ ದನಿ ಅಲ್ಲಿಗೆ ಬರುವಾಗ ಶ್ರುತಿ ಹಿಡಿದು ಹಾಡಾಗಿರುತ್ತದೆ. ಸಭೆ ಸಾಲು ಸಾಲಿಗೂ ಕೂಗಿ ಉತ್ತರಿಸುತ್ತದೆ. ಜೆಫ್ ಟಾಡ್ ಟೈಟನ್ 1989ರಲ್ಲಿ ಫ್ರಾಂಕ್ಲಿನ್‌ರ ಆಯ್ದ ಪ್ರಸಂಗಗಳನ್ನು ಪುಸ್ತಕವಾಗಿ ತಂದದ್ದು ಉಪಕಾರದ ಕೆಲಸವೇ. ಆದರೆ ಮಾತು ಹಾಡಾಗುವ ಆ ತಿರುವು ಅಚ್ಚಿಗೆ ಇಳಿಯುವಂಥದಲ್ಲ. ಧ್ವನಿಯನ್ನೇ ಉಳಿಸಬೇಕೆಂಬ ಹಟಕ್ಕೆ ಅದೇ ಕಾರಣ.

ಹೆದ್ದಾರಿಗೆಂದು ಹೇಸ್ಟಿಂಗ್ಸ್ ಬೀದಿಯನ್ನು ನೆಲಸಮ ಮಾಡಿದಾಗ ಬ್ಯಾಟಲ್ ಅಂಗಡಿಯನ್ನು ಹನ್ನೆರಡನೇ ಬೀದಿಗೆ ಸಾಗಿಸಿದರು. 1967ರ ಜುಲೈನ ದಂಗೆ ಹೊತ್ತಿಕೊಂಡದ್ದು ಆ ಬೀದಿಯಲ್ಲೇ. ಬೆಂಕಿಗೂ, ಅದನ್ನು ಆರಿಸಲು ಹಾಯಿಸಿದ ನೀರಿಗೂ ಸಿಕ್ಕಿ ಅಂಗಡಿಯಲ್ಲಿದ್ದ ಟೇಪುಗಳು ಹಾಳಾದವು. ತಟ್ಟೆಯಾಗಿ ಎಂದೂ ಹೊರಬರದ ಧ್ವನಿಗಳು ಅಲ್ಲಿಗೆ ಮುಗಿದವು. ಅಷ್ಟರಲ್ಲೇ ಮಾರಾಟವಾಗಿ ಸಾವಿರಾರು ಮನೆ ಸೇರಿದ್ದ ಪ್ರಸಂಗಗಳಿಗೆ ಮಾತ್ರ ಏನೂ ಆಗಲಿಲ್ಲ. ಕೂಲಿ ಕಾಸಿನಲ್ಲಿ ತಟ್ಟೆ ಕೊಂಡವರು ತಮಗೆ ತಿಳಿಯದೆಯೇ ಈ ಪ್ರಸಂಗಗಳ ಪತ್ರಾಗಾರ ನಡೆಸಿದರು ಎನ್ನಬೇಕು.

ಸರ್ಕಾರ ಕಣ್ಣು ತೆರೆದದ್ದು ತಡವಾಗಿ. 2000ದಲ್ಲಿ ಬಂದ ಧ್ವನಿಮುದ್ರಣ ಸಂರಕ್ಷಣಾ ಕಾಯ್ದೆಯಡಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರತಿವರ್ಷ ಮಹತ್ವದ ಮುದ್ರಣಗಳ ಪಟ್ಟಿ ಮಾಡುತ್ತದೆ. 2010ರ ಸಾಲಿನ ಪಟ್ಟಿಯಲ್ಲಿ ಹದ್ದಿನ ಪ್ರಸಂಗ ಸೇರಿತು. ವರ್ಜೀನಿಯಾದ ಕಲ್ಪೆಪರ್‌ನಲ್ಲಿ 2007ರಿಂದ ಲೈಬ್ರರಿಯ ಧ್ವನಿ-ದೃಶ್ಯ ಸಂರಕ್ಷಣಾ ಕೇಂದ್ರವಿದೆ. ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ, ಇಟ್ಟಲ್ಲೇ ಇದ್ದರೆ ಬಹುಕಾಲ ಬಾಳುತ್ತದೆ. ಟೇಪು ಹಾಗಲ್ಲ. 1950ರ ದಶಕದ ಅಸಿಟೇಟ್ ಟೇಪು ಕೊಳೆಯತೊಡಗಿದರೆ ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಟೇಪು ಕುಗ್ಗಿ, ಸುರುಟಿ, ಮುಟ್ಟಿದರೆ ಮುರಿಯುತ್ತದೆ. ತಂಪಾದ ಒಣ ಕೋಣೆ ಆ ಕೊಳೆಯುವಿಕೆಯನ್ನು ನಿಧಾನವಾಗಿಸುತ್ತದೆ, ನಿಲ್ಲಿಸುವುದಿಲ್ಲ. ಹಾಗಾಗಿ ಹುಳಿ ವಾಸನೆ ಬಂದ ಸುರುಳಿಯನ್ನೇ ಮೊದಲು ಡಿಜಿಟಲ್ ಪ್ರತಿ ಮಾಡಿಕೊಳ್ಳುತ್ತಾರೆ.

ಇನ್ನುಳಿದದ್ದು ಹಕ್ಕುಸ್ವಾಮ್ಯದ ತೊಡಕು. 2018ರ ಕಾನೂನಿನ ಪ್ರಕಾರ 1926ರಲ್ಲಿ ಹೊರಬಂದ ಗೇಟ್ಸ್ ಅವರ ತಟ್ಟೆಗಳು 2027ರ ಜನವರಿ 1ರಂದು ಎಲ್ಲರ ಸೊತ್ತಾಗುತ್ತವೆ. ಫ್ರಾಂಕ್ಲಿನ್‌ರ 1953ರ ಮುದ್ರಣಕ್ಕೆ ರಕ್ಷಣೆ 2063ರ ಕೊನೆಯವರೆಗೂ ಇದೆ.