ಕೆರೆಯ ಮೀನು, ಕಡಲ ಮೀನು

ಕೋಲಾರದಲ್ಲಿ ಕುಳಿತು ಮೀನುಶಾಸ್ತ್ರಜ್ಞರೊಬ್ಬರ ವಿಚಾರವನ್ನು ಎತ್ತಿಕೊಂಡರೆ ಕೇಳುಗರಿಗೆ ವಿನೋದವೆನಿಸೀತು. ಕಡಲು ಇಲ್ಲಿಂದ ಬಹುದೂರ. ಪಾಲಾರ್, ದಕ್ಷಿಣ ಪಿನಾಕಿನಿಗಳು ವರ್ಷವಿಡೀ ಹರಿಯುವ ನದಿಗಳಲ್ಲ. ಮಾಲೂರಿನಿಂದ ಮುಳಬಾಗಿಲಿನವರೆಗೆ, ಅತ್ತ ಶ್ರೀನಿವಾಸಪುರದವರೆಗೆ ನಮ್ಮ ಭಾಗ್ಯವೆಂದರೆ ಕೆರೆಗಳೇ. ಆದರೂ ಈ ಕೆರೆಗಳ ಇಂದಿನ ಮೀನಿನ ಚರಿತ್ರೆಯನ್ನು ಹೇಳಹೊರಟರೆ ಡಾ. ಬಿ. ಎಸ್. ಭೀಮಾಚಾರ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ.

1933ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದದ್ದು ಮೀಸೆಯುಳ್ಳ ಮೀನುಗಳ ತಲೆಬುರುಡೆಯ ರಚನೆಯನ್ನು ಕುರಿತು. 1941ರಲ್ಲಿ ಸುಬ್ಬರಾವ್ ಅವರೊಡನೆ ಕಡೂರು ಜಿಲ್ಲೆಯ ಮೀನುಗಳನ್ನು ದಾಖಲಿಸಿದರು. 1945ರ ‘ಕರೆಂಟ್ ಸೈನ್ಸ್’ ಲೇಖನವಂತೂ ಸ್ವಾರಸ್ಯಕರವಾದದ್ದು. ಬೆಟ್ಟದ ತೊರೆಯ ಮೀನು ನೆಲದ ಮೇಲೆ ನಡೆದು ಇನ್ನೊಂದು ತೊರೆಗೆ ಹೋಗಲಾರದು; ಆದ್ದರಿಂದ ಯಾವ ಮೀನು ಎಲ್ಲಿದೆ ಎಂಬುದರಿಂದ ನೆಲದ ಪ್ರಾಚೀನ ಚರಿತ್ರೆಯನ್ನು ಊಹಿಸಬಹುದು. ಈ ಆಧಾರದ ಮೇಲೆ ಅವರು ಪಶ್ಚಿಮಘಟ್ಟವನ್ನು ವಿಭಾಗಗಳಾಗಿ ವಿಂಗಡಿಸಿದರು. ಶಾಸನಗಳನ್ನು ಓದಿಕೊಂಡು ಬಂದ ನನ್ನಂಥ ಕನ್ನಡ ಮೇಷ್ಟರಿಗೆ ಈ ಬಗೆಯ ಓದು ಅಪರಿಚಿತವೇನಲ್ಲ.

ಅನಂತರ ಅವರು ಕಡಲಿನತ್ತ ತಿರುಗಿದರು. ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಬೂತಾಯಿ, ಬಂಗುಡೆಗಳು ಹಠಾತ್ತನೆ ಕಾಣೆಯಾಗುವುದುಂಟು. ಬೆಸ್ತರ ಮನೆಯಲ್ಲಿ ಅದು ಉಪವಾಸದ ಮಾತು. ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ವಿಪರೀತವಾಗಿ ಹೆಚ್ಚಿ ಉಂಟಾಗುವ ‘ಕೆಂಪು ನೀರು’ ಅದಕ್ಕೆ ಕಾರಣವಿರಬಹುದೆಂದು 1950ರಲ್ಲಿ ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್ ಬರೆದರು. ‘ಇರಬಹುದು’ ಎಂಬುದನ್ನು ಲೇಖನದ ಶೀರ್ಷಿಕೆಯಲ್ಲೇ ಸೂಚಿಸಿದ್ದರು. ಆ ಸಂಯಮ ನನಗೆ ಮೆಚ್ಚಿಕೆ.

ಮುಂದೆ ಅವರು ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ನಮ್ಮ ಕೆರೆಗಳಿಗೆ ಸಂಬಂಧ ಬರುವುದು ಇಲ್ಲಿ. ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯ ಮೀನುಗಳು; ಮಳೆಗಾಲದ ಹೊಳೆಯಲ್ಲಿ ಮೊಟ್ಟೆಯಿಡುವವೇ ಹೊರತು ನಿಂತ ನೀರಿನಲ್ಲಲ್ಲ. 1957ರಲ್ಲಿ ಅದೇ ಸಂಸ್ಥೆಯ ಕಟಕ್ ಉಪಕೇಂದ್ರದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಞ್ಞಿಯವರು ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಹೊಳೆಯೇ ಇಲ್ಲದ ಸೀಮೆಗೂ ಲಾರಿಯಲ್ಲಿ ಮೀನುಮರಿ ಬರುವಂತಾದದ್ದು ಹೀಗೆ. ಬಡವರ ತಟ್ಟೆಗೆ ಇದರಿಂದಾದ ಉಪಕಾರ ಸಣ್ಣದಲ್ಲ.

ಆದರೆ ಕೆರೆಯ ಹಳೆಯ ಒಕ್ಕಲುಗಳೂ ಉಂಟಷ್ಟೆ: ಕೊರವ, ಚೇಳುಮೀನು, ಹಾವುಮೀನು, ಸಣ್ಣ ಗೆಂಡೆ. ಕೊರವ ಮತ್ತು ಚೇಳುಮೀನುಗಳು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವು. ಬೇಸಗೆಯಲ್ಲಿ ನೀರು ಇಂಗಿದರೂ ಕೆಸರಿನಲ್ಲಿ ಜೀವ ಹಿಡಿದಿರುತ್ತವೆ. ಗುತ್ತಿಗೆ ಹಿಡಿದವರಿಗೆ ಇವು ಮರಿಗಳನ್ನು ತಿನ್ನುವ ಕಳೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ನಮ್ಮ ಅನೇಕ ಕೆರೆಗಳಿಗೆ ಹರಿದು ಬಂದಿದೆ. ಒಣಗುವ ಕೆರೆಗೆ ಹೊಂದಿಕೊಂಡ ಮೀನಿಗೆ ಸದಾ ತುಂಬಿದ, ಬೇರೆ ಗುಣದ ನೀರು ಏನು ಮಾಡೀತು?

ಭೀಮಾಚಾರ್ ಮತ್ತು ಸುಬ್ಬರಾಯರ ಕಡೂರಿನ ಲೇಖನದ ಶೀರ್ಷಿಕೆ ‘ಮೈಸೂರು ಸಂಸ್ಥಾನದ ಮೀನುಗಳು’ ಎಂದು. ಮುಂದೆ 1 ಎಂಬ ಅಂಕೆ. ಹಾಗೆಯೇ ಕೆರೆಕೆರೆಗೂ ಹೋಗಿ, ಮುದುಕರಾದ ಬೆಸ್ತರನ್ನು ಕೇಳಿ, ಅವರು ಹೇಳುವ ಕನ್ನಡ, ತೆಲುಗು ಹೆಸರುಗಳನ್ನೂ ಸೇರಿಸಿ ಕೋಲಾರದ ಮೀನುಗಳ ಪಟ್ಟಿಯನ್ನು ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಬರೆಯಬೇಕು. ಹೆಸರುಗಳ ಕಾಗುಣಿತ ತಿದ್ದಿಕೊಡಲು ನಾನು ಸಿದ್ಧ.