ಅಟ್ಲಾಂಟಿಕ್ ತಂತಿಯ ಸೋಲು: ರೋಧ, ಧಾರಕತೆ ಮತ್ತು ಒಂದು ವಿವಾದ

೧೮೫೮ನೆಯ ಆಗಸ್ಟ್ ೫ರಂದು ಐರ್ಲೆಂಡಿಗೂ ನ್ಯೂಫೌಂಡ್‌ಲೆಂಡಿಗೂ ನಡುವೆ ಸಮುದ್ರತಳದಲ್ಲಿ ಹಾಸಿ ಮುಗಿಸಿದ ತಂತಿಯು ಕೆಲವೇ ವಾರಗಳಲ್ಲಿ ಮೂಕವಾಯಿತು. ಈ ಸೋಲಿನ ಹೊಣೆಯನ್ನು ಕಂಪೆನಿಯ ವಿದ್ಯುತ್‌ತಜ್ಞನಾಗಿದ್ದ ವೈಟ್‌ಹೌಸನೊಬ್ಬನ ಮೇಲೆಯೇ ಹೊರಿಸುವುದು ಬಹುಕಾಲದ ರೂಢಿ. ಈ ತೀರ್ಪನ್ನು ನಾವು ಪುನಃ ಪರಿಶೀಲಿಸುವುದು ಅಗತ್ಯವೆಂದು ತೋರುತ್ತದೆ.

ವಿವಾದದ ಮೂಲವಿರುವುದು ಫ್ಯಾರಡೆಯ ಪ್ರಯೋಗಗಳಲ್ಲಿ. ಗಟ್ಟಾಪರ್ಚಾ ಹೊದಿಸಿದ ತಾಮ್ರದ ತಂತಿಯನ್ನು ನೀರಿನಲ್ಲಿ ಮುಳುಗಿಸಿದಾಗ ಅದು ಮೈಲುಗಟ್ಟಲೆ ಉದ್ದದ ಲೇಡನ್ ಜಾಡಿಯಂತೆ ವರ್ತಿಸುವುದೆಂದು ಆತನು ೧೮೫೪ರಲ್ಲಿ ವಿವರಿಸಿದನು: ಒಳಗೆ ತಾಮ್ರ, ಹೊರಗೆ ನೀರು, ನಡುವೆ ಅವಾಹಕ. ಇಂತಹ ತಂತಿಯಲ್ಲಿ ವಿದ್ಯುತ್ತು ಮೊದಲು ಈ ಜಾಡಿಯನ್ನು ತುಂಬಬೇಕು. ತಾಮ್ರದ ರೋಧವಾದರೋ ತುಂಬುವ ಪ್ರವಾಹವನ್ನೇ ಕುಗ್ಗಿಸುತ್ತದೆ. ಆದುದರಿಂದ ಆಚೆಯ ತುದಿಯಲ್ಲಿ ಪ್ರವಾಹವು ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ಒಂದು ಸಂಕೇತದ ಬಾಲವು ಮುಂದಿನದರ ತಲೆಯೊಡನೆ ಬೆರೆತುಹೋಗುತ್ತದೆ. ಗ್ಲಾಸ್ಗೋವಿನ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಇದಕ್ಕೆ ಗಣಿತರೂಪವನ್ನು ಕೊಟ್ಟನು. ವಿಳಂಬವು ಒಟ್ಟು ರೋಧ ಮತ್ತು ಒಟ್ಟು ಧಾರಕತೆಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಇವೆರಡೂ ಉದ್ದದೊಡನೆ ಬೆಳೆಯುವುದರಿಂದ ತಂತಿಯು ಇಮ್ಮಡಿಯಾದರೆ ವಿಳಂಬವು ನಾಲ್ಮಡಿಯಾಗುತ್ತದೆ.

ವೃತ್ತಿಯಿಂದ ಶಸ್ತ್ರವೈದ್ಯನಾಗಿದ್ದ ವೈಟ್‌ಹೌಸನು ೧೮೫೬ರಲ್ಲಿ ಈ ನಿಯಮವನ್ನು ಅಲ್ಲಗಳೆದನು. ತಂತಿಯು ಕೈಗೆ ಬಂದಾಗ ಪ್ರೇರಣಾ ಸುರುಳಿಗಳಿಂದ ಸುಮಾರು ೨೦೦೦ ವೋಲ್ಟುಗಳ ಒತ್ತಡವನ್ನು ಹೇರಿದನು. ಒತ್ತಡ ಹೆಚ್ಚಿದರೆ ಪ್ರವಾಹ ಹೆಚ್ಚೀತೇ ಹೊರತು, ರೋಧವೂ ಧಾರಕತೆಯೂ ನಿರ್ಣಯಿಸುವ ಕಾಲವು ಕಡಮೆಯಾಗದು. ಅವಾಹಕದ ದುರ್ಬಲಸ್ಥಾನಗಳು ಮಾತ್ರ ಕೆಡುತ್ತವೆ. ವಿಕ್ಟೋರಿಯಾ ರಾಣಿಯ ೯೮ ಪದಗಳ ಸಂದೇಶಕ್ಕೆ ೧೬ ಗಂಟೆಗಳು ಹಿಡಿದುವು. ಆದರೂ ಈ ತಂತಿಯು ನಿಷ್ಪ್ರಯೋಜಕವಾಗಲಿಲ್ಲ. ಭಾರತದ ೧೮೫೭ರ ಬಂಡಾಯವು ಅಡಗುತ್ತಿದ್ದುದರಿಂದ, ಕೆನಡಾದಲ್ಲಿದ್ದ ಎರಡು ರೆಜಿಮೆಂಟುಗಳು ಹೊರಡಬೇಕಿಲ್ಲವೆಂಬ ಆಜ್ಞೆಯು ಇದರ ಮೂಲಕವೇ ಹೋಯಿತು. ಉಳಿದ ವೆಚ್ಚ ಸುಮಾರು ೫೦,೦೦೦ ಪೌಂಡೆಂದು ಅಂದಾಜು.

ವೈಟ್‌ಹೌಸನ ಹಟವನ್ನು ನಾವು ಸಮರ್ಥಿಸಲಾರೆವು. ಆದರೆ ತಂತಿಯು ಆತನ ಕೈಸೇರುವ ಮೊದಲೇ ರೋಗಗ್ರಸ್ತವಾಗಿತ್ತು. ಅವಸರದ ತಯಾರಿಕೆಯ ಕಾಲದಲ್ಲಿ ಅದರ ಕೆಲವು ಭಾಗಗಳು ಬಿಸಿಲಿಗೆ ಸಿಕ್ಕಿ ಗಟ್ಟಾಪರ್ಚಾ ಮೆತ್ತಗಾಗಿ, ತಾಮ್ರವು ನಡುವಿನಿಂದ ಸರಿದಿತ್ತು. ನಾಟಿಕಲ್ ಮೈಲಿಗೆ ೧೦೭ ಪೌಂಡುಗಳಷ್ಟೇ ತಾಮ್ರವಿದ್ದ ಆ ತೆಳುತಂತಿಗೆ ಒಪ್ಪಿಗೆಯಿತ್ತವರು ಕಂಪೆನಿಯನ್ನು ನಡೆಸುತ್ತಿದ್ದವರು. ಹಾಗಿದ್ದೂ ಪದಚ್ಯುತನಾದವನು ವೈಟ್‌ಹೌಸನು ಮಾತ್ರ. ೧೮೬೬ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹಾಸಿದ, ಸ್ಥಿರವಾಗಿ ಕೆಲಸ ಮಾಡಿದ ತಂತಿಯಲ್ಲಿ ತಾಮ್ರವು ಮೈಲಿಗೆ ೩೦೦ ಪೌಂಡು, ಗಟ್ಟಾಪರ್ಚಾ ೪೦೦ ಪೌಂಡು.